ಬೆರಳು, ಐಸು ಮತ್ತು ನಮ್ಮ ಪ್ರಾಜೆಕ್ಟು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ತಾಲೂಕಿನವರು ನಮ್ಮ ಹಾಸ್ಟೆಲ್‌ನಲ್ಲಿದ್ದೇವೆ. ರಜೆಗೆ ಊರಿಗೆ ಹೋದರೆ ಮೇವು ಕತ್ತರಿಸೋ ಮಷೀನಿಗೋ ರಾಶಿ ಮಷೀನಿಗೋ ಬೆರಳು ಕಳಕೊಂಡವರು ಒಬ್ಬರಾದರೂ ಕಣ್ಣಿಗೆ ಬೀಳ್ತಾರೆ. ನಮ್ಮಲ್ಲೊಬ್ಬನ ಕಾಕಾಗೂ ಹಂಗೇ ಆಯ್ತು. ಮನೆಯವರು ಪಾಪ, ತುಂಡಾದ ಬೆರಳನ್ನು ನೇರ ಐಸಿನೊಳಗೇ ಹಾಕಿ ಒಯ್ದರು. "ಐಸಿಗೇ ಸುಟ್ಟೈತ್ರಿ, ಜೋಡಿಸಾಕ ಬರಂಗಿಲ್ಲ" ಅಂದರು ಡಾಕ್ಟರು.

ಜೋಡಿಸೋ ವಿದ್ಯೆ ಹೊಸದೇನಲ್ಲ. 1962ರಲ್ಲಿ ಬಾಸ್ಟನ್‌ನಲ್ಲಿ ರೊನಾಲ್ಡ್ ಮಾಲ್ಟ್ ತಂಡ ಹುಡುಗನೊಬ್ಬನ ತುಂಡಾದ ತೋಳು ಜೋಡಿಸಿತು. 1965ರಲ್ಲಿ ಜಪಾನಿನ ಕೊಮಾತ್ಸು, ತಮಾಯ್ ಸೂಕ್ಷ್ಮದರ್ಶಕದಡಿ ಹೆಬ್ಬೆರಳು ಜೋಡಿಸಿದರು. ಬೆರಳಿನ ರಕ್ತನಾಳ ಸುಮಾರು 1 ಮಿ.ಮೀ. ಅಗಲ, ಹೊಲಿಯೋ ದಾರ ಕೂದಲಿಗಿಂತ ತೆಳು. ಆಮೇಲೆ ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿ.ಮೀ. ಅಂದರೆ ಸ್ಪರ್ಶ ಮರಳೋಕೆ ತಿಂಗಳುಗಳು ಬೇಕು. ಅಷ್ಟರಲ್ಲಿ ವ್ಯಾಯಾಮ ಬಿಟ್ಟರೆ ಬೆರಳಿದ್ದೂ ಮಡಚೋದಿಲ್ಲ.

ಡಾಕ್ಟರ ಕೈಗೆ ಮುಟ್ಟುವ ಮೊದಲಿನ ಕೆಲಸ ಮಾತ್ರ ನಮ್ಮದೇ. ತುಂಡನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಬೇಕು. ಬೆರಳು ಐಸಿಗೂ ನೀರಿಗೂ ತಾಗಬಾರದು. ತಂಪಾಗಿಟ್ಟರೆ ಬೆರಳಿಗೆ 24 ಗಂಟೆ, ಇಲ್ಲದಿದ್ದರೆ 12 ಗಂಟೆ ಅವಕಾಶ ಅಂತಾರೆ. ಮಾಂಸಖಂಡವಿರುವ ತೋಳು ತಂಪಿಲ್ಲದೆ 6 ಗಂಟೆ ತಾಳೋದೂ ಕಷ್ಟ. ರಾಮದುರ್ಗದಿಂದ ಬೆಳಗಾವಿಯೋ ಹುಬ್ಬಳ್ಳಿಯೋ, ಎರಡೂ ನೂರು ಕಿ.ಮೀ. ಆಸುಪಾಸು. ಈ ಜೋಡಣೆ ಎಲ್ಲ ಆಸ್ಪತ್ರೆಯಲ್ಲೂ ಆಗೋದಿಲ್ಲ. ಮೊದಲು ಫೋನ್ ಮಾಡಿ ಕೇಳಿ ಹೊರಟರೆ ಎರಡು ಕಡೆ ಅಲೆಯೋ ಹೊತ್ತು ಉಳಿಯುತ್ತೆ.

"ಇದೆಲ್ಲ ಮೆಡಿಕಲ್‌ನವರ ಕೆಲಸ, ನಮಗ್ಯಾಕೆ?" ಅನ್ನೋರಿದ್ದಾರೆ. ಚೂರಿಯಿಂದ ಕತ್ತರಿಸಿದಂಥ ನೀಟಾದ ಗಾಯವನ್ನು ಡಾಕ್ಟರು ಜೋಡಿಸಬಲ್ಲರು. ರಾಶಿ ಮಷೀನು ಎಳೆದು ಜಜ್ಜಿದ ಕೈಯನ್ನು ಎಂಥ ಡಾಕ್ಟರಿಗೂ ಜೋಡಿಸೋದು ಕಷ್ಟ. ಅಲ್ಲಿ ಕೈ ಉಳಿಸೋದು ಮಷೀನಿನ ವಿನ್ಯಾಸ. ತೆನೆ ಹಾಕೋ ತಟ್ಟೆ ಉದ್ದವಿದ್ದು, ಡ್ರಮ್ಮಿನ ಕಡೆಯ ಭಾಗ ಮುಚ್ಚಿದ್ದರೆ ಕೈ ಒಳಗೆ ಹೋಗೋದೇ ಇಲ್ಲ. ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ 1983ರಲ್ಲೇ ಬಂದಿದೆ. ಆದರೂ ನಮ್ಮೂರ ಎಷ್ಟೋ ಮಷೀನುಗಳ ಬಾಯಿ ಇನ್ನೂ ತೆರೆದೇ ಇದೆ.

ಪ್ರತಿ ವರ್ಷ ಲೈನ್ ಫಾಲೋವರ್ ರೋಬೋಟ್ ಮಾಡಿ ಮೂಲೆಗೆ ಹಾಕ್ತೀವಿ. ಈ ಸಲ ನಾಲ್ಕು ತಾಲೂಕಿನಿಂದ ನಾಲ್ಕು ತಂಡ ಹೊರಡೋಣ. ಒಂದೊಂದು ತಂಡ ತನ್ನೂರ ಹತ್ತು ಮಷೀನುಗಳ ಅಳತೆ ತಗೊಳ್ಳಲಿ, ನಮ್ಮ ವರ್ಕ್‌ಶಾಪಿನಲ್ಲೇ ತಗಡಿನ ಮುಚ್ಚಳ ಮಾಡಿ ಕೂಡಿಸಲಿ. ಮುಚ್ಚಳದ ಮೇಲೆ ಐಸು-ಚೀಲದ ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆಸೋಣ. ಕಾಕಾನ ಬೆರಳಂತೂ ಮರಳಿ ಬರೋದಿಲ್ಲ. ಮುಂದಿನ ಸುಗ್ಗಿಗಾದರೂ ಇನ್ನೊಬ್ಬರ ಕೈ ಉಳಿದೀತು.