ಕಾಡುಜಾತಿ ಎಂದು ಬರೆದು ಕಡಿದವರಿಗೆ

ಮರ ಕಡಿಯುವ ಮೊದಲು ಅಳೆಯಲು ಬರುತ್ತಾರೆ. ಎದೆಮಟ್ಟದಲ್ಲಿ ಟೇಪು ಸುತ್ತಿ, ತೊಗಟೆ ಕೆತ್ತಿ ನಂಬರು ಹಾಕಿ, ಪಟ್ಟಿ ಬರೆದುಕೊಂಡು ಹೋಗುತ್ತಾರೆ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಹೀಗೆ ಸಾಮಿಲ್ಲಿನಲ್ಲಿ ಬೆಲೆ ಇರುವ ಮರಗಳಿಗೆ ಪಟ್ಟಿಯಲ್ಲಿ ಹೆಸರುಂಟು. ಉಳಿದದ್ದೆಲ್ಲ ಕಾಡುಜಾತಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾನುಗಳಲ್ಲಿ, ಅಂದರೆ ನಿತ್ಯಹಸಿರು ಕಾಡುಗಳಲ್ಲಿ, ಈ ಒಂದೇ ಪದದಡಿ ಧೂಪ ಉರುಳಿತು, ಉಪ್ಪಾಗೆ ಉರುಳಿತು, ಮುರುಗಲು ಉರುಳಿತು, ರಾಮಪತ್ರೆ ಉರುಳಿತು. ಇವು ಯಾರ ವಂಶದವು, ಎಷ್ಟು ಕಾಲದಿಂದ ಈ ನೆಲದಲ್ಲಿವೆ ಎಂದು ಕೇಳುವ ಕಾಲಂ ಆ ಪಟ್ಟಿಯಲ್ಲಿ ಇರಲೇ ಇಲ್ಲ.

ರಾಮಪತ್ರೆಯನ್ನೇ ತಗೊಳ್ಳಿ. ತೊಗಟೆಗೆ ಕತ್ತಿ ತಾಗಿದರೆ ರಕ್ತದ ಬಣ್ಣದ ರಸ ಒಸರುತ್ತದೆ. ಬಲಿತ ಕಾಯಿ ಬಿರಿದಾಗ ಬೀಜದ ಮೈಗೆ ಕೆಂಪು ಹಳದಿ ಪತ್ರೆ ಸೀಳುಸೀಳಾಗಿ ಸುತ್ತಿಕೊಂಡಿರುತ್ತದೆ. ಹೂ ಬಿಡುವ ಗಿಡಗಳೆಲ್ಲ ಒಂದೋ ಏಕದಳ, ಇಲ್ಲವೇ ದ್ವಿದಳ ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಡಿಎನ್‌ಎ ಓದಿ ಗಿಡಗಳ ವಂಶಾವಳಿಯನ್ನು ಹೊಸದಾಗಿ ಬರೆದ ಮೇಲೆ ಆ ಪಾಠ ಬದಲಾಯಿತು. ಅಡಿಕೆ, ಭತ್ತ ಏಕದಳದ ಕಡೆ. ಮಾವು, ಹಲಸು ನಿಜವಾದ ದ್ವಿದಳದ ಕಡೆ. ಎರಡಕ್ಕೂ ಸೇರದ ಹಳೆಯ ಕವಲು ಇನ್ನೊಂದಿದೆ, ಅದಕ್ಕೆ ಮ್ಯಾಗ್ನೋಲಿಡ್ ಎನ್ನುತ್ತಾರೆ. ರಾಮಪತ್ರೆ, ಸಂಪಿಗೆ, ದಾಲ್ಚಿನ್ನಿ, ಕಾಳುಮೆಣಸು, ವೀಳ್ಯದೆಲೆ ಎಲ್ಲವೂ ಆ ಕವಲಿನವು. ಅದು ಬೇರೆಯಾಗಿ ಹತ್ತು ಕೋಟಿ ವರ್ಷಕ್ಕೂ ಮೇಲಾಯಿತು. ನಮ್ಮ ಅಂಗಳ, ತೋಟ, ತಾಂಬೂಲದ ಪರಿಮಳವೆಲ್ಲ ಬಂದದ್ದು ಆ ಮನೆತನದಿಂದ. ತೋಟದ ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು ರೈತ ಕೈಚೆಲ್ಲಿ ಕೂತಾಗ, ರೋಗ ತಡೆಯುವ ಗುಣ ಹುಡುಕಬೇಕಾದದ್ದೂ ಕಾನಿನ ಮರಗಳಿಗೆ ಹಬ್ಬಿದ ಅದರ ಕಾಡುಬಂಧುಗಳಲ್ಲೇ. ಆ ಮರಗಳನ್ನೇ ಕಡಿದು ಹಾಕಿದ ಮೇಲೆ ಎಲ್ಲಿ ಹುಡುಕುವುದು?

ಪಟ್ಟಿ ಬರೆಸಿದ ಸರ್ಕಾರವನ್ನು ಮಾತ್ರ ಬೈದರೆ ಸಾಲದು. ಪತ್ರೆಗೆ ರೇಟು ಬಂದಾಗ ಕಾಯಿ ಬಲಿಯುವ ತನಕ ಕಾಯದೆ ಕೊಂಬೆಗಳನ್ನೇ ಕಡಿದು ಕೆಡವಿದವರು ನಮ್ಮವರೇ. ಆ ದಪ್ಪ ಬೀಜವನ್ನು ನುಂಗಿ ದೂರಕ್ಕೆ ಒಯ್ಯಬಲ್ಲದ್ದು ಮಂಗಟ್ಟೆಯಂಥ ಕೆಲವೇ ದೊಡ್ಡ ಹಕ್ಕಿಗಳು. ಹಕ್ಕಿಗೆ ಹಣ್ಣು ಉಳಿಸಲಿಲ್ಲ, ಕಾಡಿಗೆ ಬೀಜ ಉಳಿಸಲಿಲ್ಲ.

ಕಡಿದ ಜಾಗಕ್ಕೆ ಏನು ಬಂತು? ಅಕೇಶಿಯಾ. ಭದ್ರಾವತಿಯ ಕಾಗದ ಕಾರ್ಖಾನೆಗೆ, ಅಂದರೆ ಎಂಪಿಎಂಗೆ, 1980ರಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಲೀಸಿಗೆ ಕೊಟ್ಟರು. ಆಸ್ಟ್ರೇಲಿಯಾ, ನ್ಯೂಗಿನಿಯ ಆ ಮರದಲ್ಲಿ ಎಲೆಯಂತೆ ಕಾಣುವುದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಉದುರಿ ಬಿದ್ದರೆ ಬೇಗ ಕೊಳೆಯುವುದೂ ಇಲ್ಲ, ದಪ್ಪಗೆ ನೆಲ ಮುಚ್ಚಿ ಬೇಸಿಗೆಯ ಬೆಂಕಿಗೆ ಕಾದಿರುತ್ತದೆ. ನಮ್ಮ ಜಾಲಿ, ಸೀಗೆ ಹಿಂದೆ ಅದರ ಕುಲದಲ್ಲೇ ಇದ್ದವು. ವಂಶ ಬೇರೆ ಎಂದು ತಿಳಿದ ಮೇಲೆ ಜಗತ್ತಿನ ಸಸ್ಯವಿಜ್ಞಾನಿಗಳು 2005ರಲ್ಲಿ ವಿಯೆನ್ನಾದಲ್ಲೂ 2011ರಲ್ಲಿ ಮೆಲ್ಬರ್ನಿನಲ್ಲೂ ವಾದ ಮಾಡಿ ಅವನ್ನು ಬೇರೆ ಕುಲಗಳಿಗೆ ಸೇರಿಸಿದರು. ಒಂದು ಕುಲವನ್ನು ಸರಿಯಾಗಿ ವಿಂಗಡಿಸಲು ಅಷ್ಟು ತಲೆ ಕೆಡಿಸಿಕೊಂಡವರು ಅಲ್ಲಿದ್ದಾರೆ. ಇಲ್ಲಿ ನೂರಾರು ವಂಶಗಳಿದ್ದ ಗುಡ್ಡವನ್ನು ಬೋಳಿಸಿ ಒಂದೇ ಮರದ ಸಾಲು ನೆಟ್ಟು, ಅದನ್ನೂ ಅರಣ್ಯ ಎಂದೇ ಲೆಕ್ಕಕ್ಕೆ ಬರೆದರು. ಕಾರ್ಖಾನೆ ನಿಂತುಹೋಯಿತು. ಆದರೂ 2020ರಲ್ಲಿ ಲೀಸು ಮುಗಿದಾಗ ಇನ್ನೂ 40 ವರ್ಷಕ್ಕೆ ಮುಂದುವರಿಸಲು ಆದೇಶ ಹೊರಟಿತು. ನಮ್ಮೂರಿಗೆ ಅಕೇಶಿಯಾ ಮರ ಬೇಡ ಎಂದು ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ.

ವಂಶ ತಿಳಿಯದೆ ಉಳಿದದ್ದು ಮರಗಳದ್ದು ಮಾತ್ರ ಅಲ್ಲ, ಪ್ರಾಣಿಗಳದ್ದೂ. ಆಗುಂಬೆಯ ಕಾಳಿಂಗ ಸರ್ಪವನ್ನು ಅರಿಯದ ಮಲೆನಾಡಿಗರು ಕಡಿಮೆ. 1836ರಲ್ಲಿ ಕ್ಯಾಂಟರ್ ಬಂಗಾಳದ ಹಾವನ್ನು ನೋಡಿ ವಿವರಿಸಿದ ಮೇಲೆ, ಪಶ್ಚಿಮ ಘಟ್ಟದಿಂದ ಫಿಲಿಪ್ಪೀನ್ಸ್ ತನಕ ಇರುವುದು ಒಂದೇ ಕಾಳಿಂಗ ಎಂದು ಜಗತ್ತು ನಂಬಿತ್ತು. ಅದು ನಾಲ್ಕು ಪ್ರಭೇದ ಎಂದು ಪಿ. ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು 2024ರಲ್ಲಿ. ಪಶ್ಚಿಮ ಘಟ್ಟದ್ದು ಬೇರೆಯೇ ಪ್ರಭೇದ, ಅದರ ವೈಜ್ಞಾನಿಕ ಹೆಸರು ಓಫಿಯೋಫೇಗಸ್ ಕಾಳಿಂಗ. ನಮ್ಮ ಮಾತಿನ ಹೆಸರೇ ಅದಕ್ಕೆ ನಿಂತಿತು. ದರಗನ್ನು ಮೈಸುರುಳಿಯಲ್ಲಿ ಎಳೆದೆಳೆದು ಗುಡ್ಡೆ ಹಾಕಿ ಮೊಟ್ಟೆಗೆ ಗೂಡು ಕಟ್ಟುವ ಹಾವು ಇದು. ಊರಿನವರೆಲ್ಲ ಬಲ್ಲ, ಹನ್ನೆರಡು ಅಡಿ ಉದ್ದದ ಪ್ರಾಣಿ ಯಾರೆಂದು ತಿಳಿಯಲು 188 ವರ್ಷ ಬೇಕಾಯಿತು. ಹಾಗಾದರೆ ಕಲ್ಲಿನ ಸಂದಿಯ ಬೆರಳುದ್ದದ ಮೀನಿನ ಗತಿ ಏನು? ಹೊಸನಗರ ತಾಲ್ಲೂಕಿನ ನಾಗೋಡಿಯ ಹೆಸರು ಹೊತ್ತ ಶಿಸ್ಟುರಾ ನಾಗೋಡಿಯೆನ್ಸಿಸ್ ಎಂಬ ಮೀನಿಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2006ರಲ್ಲಿ. ಅಷ್ಟರಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿ ನಾಲ್ಕು ದಶಕ ಕಳೆದಿತ್ತು. ಮುಳುಗಿದ ಹಳ್ಳಗಳಲ್ಲಿ ಅಂಥವು ಎಷ್ಟಿದ್ದವು? ಜೋಗದಾಚೆ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ಗುರುತಿಸಿದ್ದು 2014ರಲ್ಲಿ. ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ಬಾಚಿ, ಮೊಟ್ಟೆಗಳಿಗೆ ಮೆತ್ತುವ ಗಂಡುಕಪ್ಪೆ ಅದು. ಅದರ ಕುಲ ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ಈಗ ಅದೇ ಶರಾವತಿ ಕಣಿವೆಗೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎತ್ತಲು ಸುಡುವ ವಿದ್ಯುತ್ತು ವಾಪಸು ಸಿಗುವುದಕ್ಕಿಂತ ಹೆಚ್ಚು. ಅದಕ್ಕಾಗಿ ಸುರಂಗ ಕೊರೆಯುವುದು, ರಸ್ತೆ ಅಗಲಿಸುವುದು, ಮರ ಉರುಳಿಸುವುದು ಸಿಂಗಳೀಕ ಅಭಯಾರಣ್ಯದ ಒಳಗೆ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಕೊಂಬೆಗೆ ಕೊಂಬೆ ಕೂಡಿದ್ದರೆ ಮಾತ್ರ ಅದಕ್ಕೆ ದಾರಿ. ನಮ್ಮ ಮನೆ ಹೆಂಚು ಕೀಳುವ ಮಂಗನಿಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಅದರ ಸಮೀಪದ ಬಂಧುಗಳು ಇರುವುದು ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದ ತನಕದ ಕಾಡುಗಳಲ್ಲಿ. ನಡುವಿನ ಅಷ್ಟೂ ನಾಡಿನಲ್ಲಿ ಆ ವಂಶ ಉಳಿದಿಲ್ಲ, ಇಲ್ಲಿ ಮಾತ್ರ ಉಳಿದಿದೆ.

ಕಡಿದಷ್ಟಕ್ಕೆ ಬದಲಿ ಗಿಡ ನೆಡುತ್ತೇವೆ ಎನ್ನುತ್ತಾರೆ. ಯಾವ ನರ್ಸರಿಯಲ್ಲಿ ಸಿಗುತ್ತದೆ ಹತ್ತು ಕೋಟಿ ವರ್ಷ? ಬಯಲುಸೀಮೆಯ ಗೋಮಾಳದಲ್ಲಿ ಗುಂಡಿ ತೋಡಿ ನೆಟ್ಟ ಗಿಡದ ಬುಡಕ್ಕೆ ಕುಂಬಾರ ಕಪ್ಪೆ ಬರುತ್ತದೆಯೇ?

2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ಲಿನಲ್ಲೂ ಗೇರುಸೊಪ್ಪೆಯಲ್ಲೂ ನಡೆದ ಅಹವಾಲು ಸಭೆಗಳಲ್ಲಿ ಜನ ಬೇಡ ಎಂದು ಗಟ್ಟಿಯಾಗಿ ಹೇಳಿದ್ದಾರೆ. ಅದನ್ನೇ ಇಲ್ಲೂ ಹೇಳುತ್ತೇನೆ. ಈ ಯೋಜನೆ ಕೈಬಿಡಿ. ಎಂಪಿಎಂ ನೆಡುತೋಪುಗಳ ಲೀಸು ರದ್ದು ಮಾಡಿ, ಅಕೇಶಿಯಾ ತೆಗೆದು ಆ ಗುಡ್ಡಗಳನ್ನು ಕಾನಿಗೆ ಬಿಟ್ಟುಕೊಡಿ. ಹಸಿ ಪತ್ರೆ ಕೊಳ್ಳುವ ವ್ಯಾಪಾರಿಯ ಗೋದಾಮಿಗೆ ಬೀಗ ಹಾಕಿ. ಇನ್ನು ಮೇಲೆ ಯಾವ ಕಾನಿನ ಮರ ಅಳೆಯಲು ಬಂದರೂ ಪ್ರತಿ ಮರದ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲದ ಮರಕ್ಕೆ ಕೊಡಲಿ ತಾಗಿಸಬೇಡಿ.