ಮುಖ ಊದಿತು ಅಂತ ರೇಬೀಸ್ ಲಸಿಕೆ ಬಿಡಬೇಡಿ

ಕೊಟ್ಟೂರಿನ ಗೆಳೆಯರೊಬ್ಬರು ತೋಟ ಕಾಯೋಕೆ ಅಂತ ಪಗ್ ತಂದಿದ್ರು. (ಪಗ್ ಏನು ಕಾಯುತ್ತೋ, ಆ ಮಾತು ಬೇರೆ!) ಲಸಿಕೆ ಹಾಕಿಸಿ ಬೈಕ್‌ನಲ್ಲಿ ಮನೆ ಮುಟ್ಟೋದ್ರೊಳಗೆ ಅದರ ಮುಖ ಊದಿ, ಮೈತುಂಬ ದದ್ದು ಎದ್ದಿತ್ತು. ವಾಪಸ್ ಓಡಿಹೋಗಿ ಇಂಜೆಕ್ಷನ್ ಕೊಡಿಸಿದ ಮೇಲೆ ಸಂಜೆಗೆ ಇಳೀತು. ಆದ್ರೆ ಆ ಫೋಟೊ ವಾಟ್ಸಾಪ್‌ನಲ್ಲಿ ಹರಿದಾಡಿ, ಹಡಗಲಿ, ಹರಪನಹಳ್ಳಿ ಕಡೆಯವರೂ 'ನಮ್ಮ ನಾಯಿಗೆ ಲಸಿಕೆ ಬೇಡಪ್ಪ' ಅಂತಿದ್ದಾರೆ. ಇದು ತಪ್ಪು ಅನ್ನೋದು ನನ್ನ ಅಭಿಪ್ರಾಯ.

ಇದು ಅಲರ್ಜಿ. ಲಸಿಕೆ ತಯಾರಿಯಲ್ಲಿ ಉಳಿದ ದನದ ಸೀರಂನಂಥ ಪ್ರೋಟೀನ್ ಕೆಲವು ನಾಯಿಗಳ ಮೈಗೆ ಒಗ್ಗಲ್ಲ. 2005ರಲ್ಲಿ ಅಮೆರಿಕದ ಅಧ್ಯಯನವೊಂದು 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿತ್ತು. ಲಸಿಕೆಯಾದ 3 ದಿನದೊಳಗೆ ತೊಂದರೆ ಕಂಡದ್ದು 10,000ಕ್ಕೆ ಸುಮಾರು 38ರಲ್ಲಿ. ಡ್ಯಾಶ್‌ಹುಂಡ್, ಪಗ್, ಚಿವಾವಾದಂಥ ಸಣ್ಣ ತಳಿಗಳಲ್ಲಿ ಹೆಚ್ಚು. ಒಂದೇ ದಿನ ಹಲವು ಲಸಿಕೆ ಚುಚ್ಚಿಸಿದ್ರೆ ಇನ್ನೂ ಹೆಚ್ಚು.

ಅತ್ತ ರೇಬೀಸ್ ಲಕ್ಷಣ ಕಂಡ ಮೇಲೆ ನಾಯಿಯಾಗಲಿ ಮನುಷ್ಯರಾಗಲಿ ಉಳಿಯೋದು ಇಲ್ಲ ಅಂತಲೇ ಹೇಳ್ಬೇಕು. ಕೂಡ್ಲಿಗಿ ಕಡೆ ಕುರಿಹಿಂಡಿನ ಹಿಂದೆ ಹೋಗೋ ನಾಯಿ ನರಿ, ಬೀದಿನಾಯಿಗಳ ಜೊತೆ ಕಚ್ಚಾಡಿ ಬಂದು ಮಕ್ಕಳ ಪಕ್ಕ ಮಲಗುತ್ತೆ. ನಾನು ತೋಟಕ್ಕೆ ರಾಸಾಯನಿಕ ಹಾಕಲ್ಲ, ನಿಜ. ನಾಯಿಗೆ ಮಾತ್ರ ಲಸಿಕೆ ತಪ್ಪಿಸಲ್ಲ.

ಬೆಳಿಗ್ಗೆನೇ ಹಾಕಿಸಿ, ಆಸ್ಪತ್ರೆ ಹತ್ರ ಅರ್ಧ ಗಂಟೆ ಕೂತಿರಿ. ಮುಖ ಊದಿದ್ರೆ, ವಾಂತಿ ಮಾಡಿದ್ರೆ, ಉಸಿರು ಕಟ್ಟಿದ್ರೆ ಡಾಕ್ಟರ್‌ಗೆ ಕೂಡಲೇ ತೋರಿಸಿ. ಹಿಂದೆ ಊದಿದ್ದ ನಾಯಿಯಾದ್ರೆ ಚುಚ್ಚೋಕೆ ಮೊದಲೇ ಹೇಳಿ, ಅವತ್ತು ರೇಬೀಸ್ ಒಂದನ್ನೇ ಹಾಕೋಕೆ ಕೇಳಿ.