ದುಡ್ಡು ಕಟ್ಟಿಸಿಕೊಳ್ಳುವ ಮೊದಲೇ ಹೇಳಿ

ಅಮೆರಿಕದಲ್ಲಿ ಜೀವಶಾಸ್ತ್ರದ ಪಿಎಚ್.ಡಿ. ಸೀಟು ಪ್ರತಿಭೆ ಇದ್ದವರಿಗೆ ಸಿಕ್ಕೇ ಸಿಗುತ್ತದೆ ಎಂಬ ಮಾತನ್ನು ಎಂ.ಎಸ್ಸಿ. ಓದುವಾಗ ನೂರು ಸಲ ಕೇಳಿದ್ದೇನೆ. ಸಿಗದಿದ್ದರೆ ತಪ್ಪು ನಮ್ಮದೇ: ಎಸ್‌ಒಪಿ ಸಪ್ಪೆಯಾಯಿತು, ಲ್ಯಾಬ್ ಅನುಭವ ಸಾಲಲಿಲ್ಲ. ಈ ಮಾತಿನ ಬಗ್ಗೆ ನನ್ನ ತಕರಾರಿದೆ.

ದುಡ್ಡಿನ ದಾರಿ ನೋಡಿ. ಅಲ್ಲಿ ಜೀವಶಾಸ್ತ್ರದ ಪಿಎಚ್.ಡಿ. ವಿದ್ಯಾರ್ಥಿ ಸಾಮಾನ್ಯವಾಗಿ ಫೀಸು ಕಟ್ಟುವುದಿಲ್ಲ. ಅವರೇ ಸ್ಟೈಪೆಂಡ್ ಕೊಡುತ್ತಾರೆ. ಅನೇಕ ವಿಭಾಗಗಳು ಮೊದಲ ವರ್ಷಗಳಲ್ಲಿ ಇದಕ್ಕೆ ನೆಚ್ಚಿಕೊಳ್ಳುವುದು ಎನ್‌ಐಎಚ್‌ನ ಟಿ32 ಅನುದಾನವನ್ನು. ಅದು ಆ ದೇಶದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎನ್‌ಎಸ್‌ಎಫ್‌ನ ಗ್ರಾಜುಯೇಟ್ ಫೆಲೋಶಿಪ್ಪೂ ಹಾಗೆಯೇ. ಇನ್ನು ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರಗಿನವರ ಮೇಲೆ ವರ್ಷಕ್ಕೆ 15,102 ಡಾಲರ್ ಹೆಚ್ಚುವರಿ ಫೀಸು. ಬೇರೆ ರಾಜ್ಯದ ಅಮೆರಿಕನ್ನರು ಅಲ್ಲೇ ನೆಲೆಸಿ ಅದರಿಂದ ಪಾರಾಗಬಹುದು. ಎಫ್-1 ವೀಸಾದವರಿಗೆ ಆ ದಾರಿಯಿಲ್ಲ. ಕ್ಯಾಂಡಿಡಸಿ ಮುಟ್ಟುವವರೆಗೂ ಅದನ್ನು ವಿಭಾಗವೋ ಗೈಡೋ ಹೊರಬೇಕು. ಅಂದರೆ ಎಸ್‌ಒಪಿ ಓದುವ ಮೊದಲೇ ನಾನು ದುಬಾರಿ ಅಭ್ಯರ್ಥಿ.

ಅವರ ತೆರಿಗೆ ಹಣ, ಅವರ ಮಕ್ಕಳಿಗೆ ಕೊಡಲಿ. ಅದಕ್ಕೆ ಜಗಳವಿಲ್ಲ. ಜಗಳ ಇರುವುದು ಹೇಳದೆ ದುಡ್ಡು ಕಟ್ಟಿಸಿಕೊಳ್ಳುವುದಕ್ಕೆ. ಒಂದೊಂದು ಅರ್ಜಿಗೂ ನೂರು ಡಾಲರ್ ಆಸುಪಾಸು. ನಾನು ಎಂಟು ಕಡೆ ಹಾಕಿದ್ದೆ, ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ. ಶುಲ್ಕ ವಿನಾಯಿತಿ ಕೇಳಿದರೆ ಒಂದು ವಿಶ್ವವಿದ್ಯಾಲಯ, ಅದು ಪ್ರಜೆಗಳಿಗೆ ಮಾತ್ರ ಎಂದಿತು. ಆಗ ನಾನು ಪರದೇಶಿ ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. (ನಮ್ಮಲ್ಲಿ ಆ ಪದಕ್ಕೆ ಗತಿಯಿಲ್ಲದವನು ಎಂಬ ಅರ್ಥವೂ ಇದೆ, ಸುಮ್ಮನೆ ಬಂದದ್ದಲ್ಲ.) ನಿರಾಕರಣೆಯ ಪತ್ರದಲ್ಲಿ ಮಾತ್ರ ಪೌರತ್ವದ ಸುದ್ದಿಯೇ ಇಲ್ಲ, ಅರ್ಹರು ಬಹಳ, ಸೀಟು ಕಡಿಮೆ, ಅಷ್ಟೇ.

ವೆಂಕಿ ರಾಮಕೃಷ್ಣನ್ ಹೋಗಲಿಲ್ಲವೇ ಎಂದು ಕೇಳುವವರಿದ್ದಾರೆ. ಹೋದರು, ಫಿಸಿಕ್ಸ್ ಪಿಎಚ್.ಡಿ. ಮುಗಿಸಿ, ಸ್ಯಾನ್ ಡಿಯಾಗೋದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರ ಕಲಿತರು, 2009ರಲ್ಲಿ ನೊಬೆಲ್ ಪಡೆದರು. ಸಂತೋಷ. ಅವರ ಹೆಸರು ಹೇಳಿದರೆ ಟಿ32ರ ನಿಯಮ ಬದಲಾಗುತ್ತದೆಯೇ?

ನಾನು ಕೇಳುವುದು ಇಷ್ಟು: ಹೋದ ಐದು ವರ್ಷ ಹೊರದೇಶದವರು ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರನ್ನು ತೆಗೆದುಕೊಂಡಿರಿ? ಅರ್ಜಿಯ ಪುಟದಲ್ಲೇ ಬರೆಯಿರಿ. ಇಂಥ ಅಂಕಿ ಪ್ರಕಟಿಸುವ ವಿಶ್ವವಿದ್ಯಾಲಯಗಳೂ ಇವೆ, ಆಗದ ಕೆಲಸವೇನಲ್ಲ. ಈ ಸಲ ಅರ್ಜಿ ಹಾಕುವವರು ಕಾರ್ಡ್ ನಂಬರ್ ಕೊಡುವ ಮೊದಲು ವಿಭಾಗಕ್ಕೆ ಇದನ್ನೇ ಇಮೇಲ್‌ನಲ್ಲಿ ಕೇಳಿ. ಉತ್ತರ ಬಾರದ ಕಡೆಗೆ ದುಡ್ಡು ಕಳಿಸಬೇಡಿ.